ದೊಡ್ಡತಾಯಮ್ಮ ಮೊಮ್ಮಗಳಿಗೆ ನೀರು ಎರೆದದ್ದು

ನನ್ನ ಮೂಗು ನೆಟ್ಟಗಿರುವುದಕ್ಕೆ ನನ್ನ ಅಪ್ಪ ಅವ್ವ ಕಾರಣರಲ್ಲ, ತಾನು ಕಾರಣ ಎಂದು ದೊಡ್ಡತಾಯಮ್ಮ ನನ್ನ ಮದುವೆಯ ದಿನ ಬೀಗರ ಎದುರಿಗೇ ಹೇಳಿದಳು. ಹುಟ್ಟಿದಾಗ ಅದು ಒಂದು ಪಕ್ಕಕ್ಕೆ ವಾಲಿಕೊಂಡಿತ್ತಂತೆ. ಎಣ್ಣೆಯ ಬೆರಳಲ್ಲಿ ದಿನಾ ನೀವಿ ನೀವಿ ತಾನು ಅದನ್ನು ದಾರಿಗೆ ತಂದಳಂತೆ. ಧನಗೆರೆಯಲ್ಲಿ ನನ್ನ ವಾರಿಗೆಯವರೆಲ್ಲರ ಮೂಗು, ನೆತ್ತಿ, ಬೆನ್ನುಗಳ ಬಗ್ಗೆ ಅವಳ ಬಳಿ ಇಂಥದೊಂದು ಕಥೆ ಇದೆ. ನಮ್ಮನ್ನೆಲ್ಲ ಕೂಸಾಗಿದ್ದಾಗ ಕಾಲ ಮೇಲೆ ಹಾಕಿಕೊಂಡು ನೀರು ಎರೆದವಳು ಅವಳೇ.

ಅದು ಅವಳ ಕಸುಬಾಗಿರಲಿಲ್ಲ. ಮನೆಗೆ ಕಾಲುವೆಯ ನೀರು ಕುಡಿಯುವ ಬಾಳೆತೋಟವಿತ್ತು. ಗಂಡ ಹೋದ ಮೇಲೆ ಒಬ್ಬನೇ ಮಗ ಸಿದ್ದಮಲ್ಲಪ್ಪ ತೋಟ ನೋಡಿಕೊಳ್ಳುತ್ತಿದ್ದ. ಹಣ್ಣಿನ ಗೊನೆಗಿಂತ ಎಲೆಯ ವ್ಯಾಪಾರವೇ ಅವನಿಗೆ ಹೆಚ್ಚು. ಕೊಳ್ಳೇಗಾಲದ ಹೋಟೆಲುಗಳಿಗೂ ಮದುವೆ ಮನೆಗಳಿಗೂ ಎಲೆ ಕೊಡುತ್ತಿದ್ದ. ದೊಡ್ಡತಾಯಮ್ಮ ಮಾತ್ರ ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬೆಳಗಿನ ಮುದ್ದೆ ಮುಗಿಸಿ ಅಲ್ಲಿಗೆ ಹೊರಡುತ್ತಿದ್ದಳು. ಕರೆಯುವುದಕ್ಕೆ ಕಾಯುತ್ತಿರಲಿಲ್ಲ. ಬಚ್ಚಲಿನ ಮಣೆಯ ಮೇಲೆ ಕೂತು, ಸೀರೆ ಮೊಣಕಾಲಿನ ತನಕ ಎತ್ತಿ, ಕಾಲೆರಡನ್ನೂ ನೀಡಿ, ಅದರ ಮೇಲೆ ಕೂಸನ್ನು ಮಲಗಿಸಿಕೊಂಡರೆ ಮುಗಿಯಿತು. ಹರಳೆಣ್ಣೆ ಹಚ್ಚಿ ತೋಳು ತೊಡೆಗಳನ್ನು ತಿಕ್ಕುತ್ತ, ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಹುಯ್ಯುತ್ತ, ಬಾಯಲ್ಲಿ ಊರಿನ ಸುದ್ದಿಯನ್ನೆಲ್ಲ ಕೂಸಿಗೆ ಹೇಳುತ್ತಿದ್ದಳು. ಯಾರ ಎಮ್ಮೆ ಕರು ಹಾಕಿತು, ಯಾರ ಮನೆಗೆ ಹೆಣ್ಣು ನೋಡಲು ಬಂದು ಹೋದರು, ಎಲ್ಲವೂ ಅದರಲ್ಲಿ ಬರುತ್ತಿತ್ತು. ಕೂಸು ಮೊದಲು ಊರು ಕೇಳುವ ಹಾಗೆ ಅಳುತ್ತಿತ್ತು, ಆಮೇಲೆ ಕಿವಿಗೊಟ್ಟು ಸುಮ್ಮನಾಗುತ್ತಿತ್ತು, ಸಾಂಬ್ರಾಣಿ ಹೊಗೆ ಹಿಡಿಯುವ ಹೊತ್ತಿಗೆ ನಿದ್ದೆ ಹೋಗಿರುತ್ತಿತ್ತು. ಊಟದ ಹೊತ್ತಿನ ತನಕ ಅದು ಏಳುತ್ತಿರಲಿಲ್ಲ. ಬಾಣಂತಿಯರು ಅವಳನ್ನು ಬಯ್ದುಕೊಂಡೇ ಪ್ರೀತಿಸುತ್ತಿದ್ದರು.

ಸಿದ್ದಮಲ್ಲಪ್ಪನಿಗೆ ಲೊಕ್ಕನಹಳ್ಳಿಯಿಂದ ಹೆಣ್ಣು ತಂದರು. ಪುಟ್ಟಬಸಮ್ಮ ಎಂದು ಹೆಸರು. ಕಾಡಿನ ಅಂಚಿನ ಹೊಲದಲ್ಲಿ ಅಪ್ಪನ ಜೊತೆ ಕೂಗಿ ಕೂಗಿ ಹಂದಿ ಓಡಿಸಿ ಬೆಳೆದವಳು. ಅವಳು ಅಡುಗೆಮನೆಯಲ್ಲಿ ನಕ್ಕರೆ ನಮ್ಮ ಮನೆಯ ಪಡಸಾಲೆಯಲ್ಲಿ ಕೇಳುತ್ತಿತ್ತು. ಮೆಲ್ಲಗೆ ಮಾತಾಡುವ ಸೊಸೆ ಬಂದಿದ್ದರೆ ತನಗೆ ಹುಚ್ಚು ಹಿಡಿಯುತ್ತಿತ್ತು ಎಂದು ದೊಡ್ಡತಾಯಮ್ಮ ನನ್ನ ಅವ್ವನ ಹತ್ತಿರ ಹೇಳಿಕೊಂಡು ಹಿಗ್ಗುತ್ತಿದ್ದಳು. ನಮ್ಮದು ಎದುರು ಮನೆ. ನನ್ನ ಅವ್ವ ಮಹದೇವಮ್ಮ ಅವಳನ್ನು ಅಕ್ಕಯ್ಯ ಎಂದು ಕರೆಯುತ್ತಿದ್ದಳು.

ಮದುವೆಯಾಗಿ ಎರಡು ವರ್ಷಕ್ಕೆ ಪುಟ್ಟಬಸಮ್ಮನ ಬಾಯಲ್ಲಿ ಹುಣ್ಣು ಕಾಣಿಸಿಕೊಂಡಿತು. ಮೊದಲು ಮೈ ಉಷ್ಣ ಎಂದುಕೊಂಡರು. ಎಳನೀರು, ಮಜ್ಜಿಗೆ, ತಂಪಿನ ಸೊಪ್ಪು ಎಲ್ಲ ಆಯಿತು. ಹುಣ್ಣು ಮಾಯಲಿಲ್ಲ. ಮುದ್ದೆ ನುಂಗುವುದಿರಲಿ, ಉಪ್ಪು ತಾಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಬೆನ್ನಿನಲ್ಲಿ, ಎದೆಯ ಮೇಲೆ ನೀರ್ಗುಳ್ಳೆ ಎದ್ದವು. ಮುಟ್ಟಿದರೆ ಒಡೆದು ಸುಟ್ಟ ಗಾಯದ ಹಾಗೆ ಕೆಂಪಗೆ ಉಳಿಯುತ್ತಿದ್ದವು. ಅವಳ ನಗು ನಿಂತುಹೋಯಿತು. ದೊಡ್ಡತಾಯಮ್ಮ ರಾಗಿ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ, ಮಜ್ಜಿಗೆ ಬೆರೆಸಿ, ಲೋಟ ಹಿಡಿದು ಕೂತು ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು.

ಕೊನೆಗೆ ಸಿದ್ದಮಲ್ಲಪ್ಪ ಹೆಂಡತಿಯನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ಚರ್ಮದ ಡಾಕ್ಟರಮ್ಮ ಒಂದು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿ, ಇದು ಪೆಂಫಿಗಸ್ ಎಂದಳು. ಅಂಟುವ ರೋಗವಲ್ಲ, ಯಾವ ದೇವರ ಸಿಟ್ಟೂ ಅಲ್ಲ, ಬಹಳ ಕಾಲ ಮಾತ್ರೆ ನುಂಗಬೇಕು ಎಂದಳು. ಆ ಹೆಸರು ದೊಡ್ಡತಾಯಮ್ಮನ ನಾಲಗೆಗೆ ಒಗ್ಗಲೇ ಇಲ್ಲ. ಅವಳ ಬಾಯಲ್ಲಿ ಅದು ಪಂಪ್‌ಸೆಟ್ ಕಾಯಿಲೆ ಆಯಿತು. ಊರೂ ಅದನ್ನೇ ಹಿಡಿಯಿತು. ಮಾತ್ರೆಗೆ ಗುಳ್ಳೆಗಳು ಒಣಗಿದವು, ಪುಟ್ಟಬಸಮ್ಮನ ಮುಖ ಉಬ್ಬಿ ದುಂಡಗಾಯಿತು, ಹಸಿವೆ ಹೆಚ್ಚಿತು. ದುಂಡಗಾದದ್ದು ಮಾತ್ರೆಯ ಗುಣ ಎಂದು ಡಾಕ್ಟರಮ್ಮ ಹೇಳಿದ್ದರೂ ದೊಡ್ಡತಾಯಮ್ಮ ಆ ಕೀರ್ತಿಯನ್ನು ತನ್ನ ಅಂಬಲಿಗೇ ಕೊಟ್ಟುಕೊಂಡಳು. ಎದುರು ಮನೆಯ ನಗು ನಮಗೆ ಮತ್ತೆ ಕೇಳತೊಡಗಿತು.

ಎಂಬತ್ತೇಳರಲ್ಲಿ ಪುಟ್ಟಬಸಮ್ಮ ಬಸುರಿಯಾದಳು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಡಾಕ್ಟರಮ್ಮ ಅದಕ್ಕೆ ಒಪ್ಪಲಿಲ್ಲ. ಇಂಥ ಮೈಯವರು ಆಸ್ಪತ್ರೆಯಲ್ಲೇ ಹೆರಬೇಕು ಎಂದಳು. ಐದು ತಿಂಗಳು ತುಂಬಿದ ಮೇಲೆ ಗುಳ್ಳೆಗಳು ಅಲ್ಲಲ್ಲಿ ಮತ್ತೆ ಎದ್ದವು, ಮಾತ್ರೆ ಹೆಚ್ಚಿಸಿದರು. ದಿನ ಹತ್ತಿರ ಬಂದಾಗ ಅತ್ತೆ, ಸೊಸೆ, ಮಗ ಮೂವರೂ ಮೈಸೂರಿಗೆ ಹೊರಟರು. ದೊಡ್ಡತಾಯಮ್ಮನ ಚೀಲದಲ್ಲಿ ಹಳೆಯ ಮೆತ್ತನೆಯ ಪಂಚೆಗಳು, ಬಜೆ, ಸಾಂಬ್ರಾಣಿ, ಮೂರು ತಿಂಗಳಿಂದ ಮನೆಯಲ್ಲೇ ಬೇಯಿಸಿ ತೆಗೆದು ಇಟ್ಟಿದ್ದ ಹರಳೆಣ್ಣೆಯ ಬಾಟ್ಲಿ ಇದ್ದವು. ಊರಿನ ಕೂಸುಗಳನ್ನೆಲ್ಲ ತಿದ್ದಿ ತೀಡಿದ ಕೈಗೆ ಈಗ ಸ್ವಂತ ಮೊಮ್ಮಗು ಸಿಗುವುದಿತ್ತು.

ಸಂಕ್ರಾಂತಿ ಕಳೆದ ವಾರ ಹೆಣ್ಣು ಕೂಸು ಹುಟ್ಟಿತು. ತೂಕ ಸರಿಯಾಗಿತ್ತು, ಅಳು ಜೋರಾಗಿತ್ತು. ಆದರೆ ಎದೆಯ ಮೇಲೆ, ಬೆನ್ನಿನಲ್ಲಿ, ಕಂಕುಳ ಸಂದಿಯಲ್ಲಿ ತೆಳು ನೀರ್ಗುಳ್ಳೆಗಳಿದ್ದವು. ಕೆಲವು ಒಡೆದು ಅಲ್ಲಿನ ಚರ್ಮ ಹಸಿಹಸಿಯಾಗಿ ಕಾಣುತ್ತಿತ್ತು. ನರ್ಸು ಕೂಸನ್ನು ತಂದು ತೋರಿಸಿದಾಗ ದೊಡ್ಡತಾಯಮ್ಮ ಎರಡೂ ಕೈ ಚಾಚಿದಳು. ನರ್ಸು ಕೊಡಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತುವ ಹಾಗಿಲ್ಲ, ತಿಕ್ಕುವ ಹಾಗಿಲ್ಲ, ಎಣ್ಣೆ ಮುಟ್ಟಿಸುವ ಹಾಗಿಲ್ಲ ಎಂದಳು. ದೊಡ್ಡತಾಯಮ್ಮನ ಕೈಗಳು ಚಾಚಿದ ಹಾಗೆಯೇ ಸ್ವಲ್ಪ ಹೊತ್ತು ಉಳಿದವು. ಬಳಿಕ ಅವುಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಸುದ್ದಿ ಕೇಳಿದ ಪುಟ್ಟಬಸಮ್ಮ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ತನ್ನ ರೋಗವನ್ನೇ ಕೂಸಿಗೆ ಕೊಟ್ಟೆ, ಇನ್ನು ಅದೂ ಜೀವಮಾನವಿಡೀ ಬಾಯಿ ಉರಿಸಿಕೊಂಡು ಬದುಕಬೇಕು ಎಂದು ಅತ್ತಳು. ದೊಡ್ಡತಾಯಮ್ಮ ಹೋಗಿ ಡಾಕ್ಟರಮ್ಮನ ಬಾಗಿಲಲ್ಲಿ ನಿಂತಳು.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು, ಆದರೆ ತಾಳ್ಮೆ ಇದ್ದವಳು. ವಾರ್ಡಿಗೇ ಬಂದು, ಕೈ ತೊಳೆದುಕೊಂಡು, ಹಾಸಿಗೆಯ ತುದಿಯಲ್ಲಿ ಕೂತು ಇಬ್ಬರಿಗೂ ತಿಳಿಯುವ ಹಾಗೆ ಹೇಳಿದಳು. ನಮ್ಮ ಮೈಯಲ್ಲಿ ರೋಗದ ವಿರುದ್ಧ ಹೋರಾಡುವ ಕಾವಲುಗಾರರು ಇರುತ್ತಾರೆ. ಪುಟ್ಟಬಸಮ್ಮನ ಮೈಯಲ್ಲಿ ಆ ಕಾವಲುಗಾರರು ದಾರಿ ತಪ್ಪಿ, ತಮ್ಮದೇ ಚರ್ಮವನ್ನು ಶತ್ರು ಎಂದು ತಿಳಿದಿದ್ದಾರೆ. ಹೊಟ್ಟೆಯಲ್ಲಿದ್ದಾಗ ತಾಯಿಯ ರಕ್ತದಿಂದ ಕೂಸಿಗೆ ಒಳ್ಳೆಯದೆಲ್ಲ ಹೋಗುವಾಗ ಅವರಲ್ಲಿ ಕೆಲವರು ಅದರ ಜೊತೆಗೇ ಹೋಗಿದ್ದಾರೆ. ಆದರೆ ಕೂಸಿನ ಮೈ ತಾನಾಗಿ ಅಂಥವರನ್ನು ಹುಟ್ಟಿಸುವುದಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಹೊಸಬರು ಬರುವ ದಾರಿಯೂ ಇಲ್ಲ. ಬಂದವರು ಕೆಲವು ವಾರಗಳಲ್ಲಿ ಕರಗಿ ಹೋಗುತ್ತಾರೆ.

ದೊಡ್ಡತಾಯಮ್ಮ ಇದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಅಂದ್ರೆ ತವರಿಂದ ಕಟ್ಟುಸ್ಕಂಡು ಬಂದ ಬುತ್ತಿ ಇದ್ದಂಗೆ. ತಿಂದು ಮುಗದೋದ್ರೆ ಆಯ್ತು ಅನ್ನಿ," ಎಂದಳು.

"ಅಷ್ಟೇ ಕಣಮ್ಮಾ. ಅಲ್ಲಿವರೆಗೂ ಆ ಗಾಯಕ್ಕೆ ಕೀವು ಆಗದ ಹಾಗೆ ನೋಡ್ಕೋಬೇಕು, ಅದೇ ನಮ್ಮ ಕೆಲಸ," ಎಂದು ಡಾಕ್ಟರಮ್ಮ ನಕ್ಕು, ಕೂಸಿನ ಮುಷ್ಟಿಯೊಳಗೆ ತನ್ನ ಬೆರಳು ಇಟ್ಟಳು. ಕೂಸು ಅದನ್ನು ಬಿಗಿಯಾಗಿ ಹಿಡಿದುಕೊಂಡಿತು. ಹಾಲು ಕುಡಿಸಬಹುದು, ಏನೂ ಹೆದರಬೇಡ ಎಂದು ಪುಟ್ಟಬಸಮ್ಮನಿಗೂ ಹೇಳಿದಳು.

ಡಾಕ್ಟರಮ್ಮ ಹೋದ ಮೇಲೂ ಪುಟ್ಟಬಸಮ್ಮ ತನ್ನ ಮೈಯಿಂದಲೇ ಬಂದದ್ದಲ್ಲವೇ ಎಂದು ಹಲುಬುತ್ತಿದ್ದಳು. ದೊಡ್ಡತಾಯಮ್ಮ ಕೂಸಿನ ಕಡೆ ಬಗ್ಗಿ ನೋಡಿ ಹೇಳಿದಳು:

"ಆ ಮೂಗು ಯಾರ್ದಮ್ಮಿ? ಆ ಗಂಟ್ಲು ಯಾರ್ದು? ಎಲ್ಲಾನೂ ನಿನ್ನಿಂದಾನೆ ಬಂದಿರದು. ಅವು ಉಳೀತವೆ, ಇದು ಓಯ್ತದೆ. ಏಳು, ಆಲು ಕುಡುಸು."

ಪುಟ್ಟಬಸಮ್ಮ ಎದ್ದು ಕೂತಳು. ಆ ದಿನದಿಂದ ಅವಳು ಗೋಡೆಯ ಕಡೆ ತಿರುಗಲಿಲ್ಲ.

ಕೂಸಿನ ಮೈಗೆ ಬಟ್ಟೆ ಅಂಟಿಕೊಂಡು ಎಳೆದಾಗ ಗಾಯ ಮತ್ತೆ ಹಸಿಯಾಗುತ್ತಿತ್ತು. ಆ ವಾರ್ಡಿನಲ್ಲಿ ಇಂಥವರನ್ನು ಬಾಳೆ ಎಲೆಯ ಮೇಲೆ ಮಲಗಿಸುವ ರೂಢಿ ಇತ್ತು. ಎಳೆ ಎಲೆಯನ್ನು ಆವಿಯಲ್ಲಿ ಇಟ್ಟು ಶುದ್ಧ ಮಾಡಿ, ತಣಿದ ಮೇಲೆ ಹಾಸುತ್ತಿದ್ದರು. ಎಲೆ ಬೇಕು ಎಂದು ನರ್ಸು ಹೇಳಿದ್ದೇ ತಡ, ಸಿದ್ದಮಲ್ಲಪ್ಪ ಬಸ್ಸು ಹತ್ತಿ ಊರಿಗೆ ಬಂದ. ಇನ್ನೂ ಪೂರ್ತಿ ಬಿಚ್ಚಿಕೊಳ್ಳದ ಸುರುಳಿ ಎಲೆಗಳನ್ನೇ ಆರಿಸಿ ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ, ಮತ್ತೆ ಮೈಸೂರಿನ ಬಸ್ಸು ಹತ್ತಿದ. ಕಂಡಕ್ಟರ್ ಅಷ್ಟು ದೊಡ್ಡ ಕಟ್ಟು ಕಂಡು, ಯಾವ ಊರಿನ ಮದುವೆ, ಎಷ್ಟು ಪಂಕ್ತಿ ಎಂದು ವಿಚಾರಿಸಿದ.

"ಮದ್ವೆ ಅಲ್ಲ ಕಣಣ್ಣ. ನಂಗೆ ಮಗ್ಳು ಉಟ್ಟವ್ಳೆ. ಅವಳ್ಗೆ ಆಸ್ಗೆ," ಎಂದ ಸಿದ್ದಮಲ್ಲಪ್ಪ.

ಬಸ್ಸಿನವರೆಲ್ಲ ತಿರುಗಿ ನೋಡಿದರಂತೆ. ಯಾರಿಗೂ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಯಳಂದೂರಿನ ಒಬ್ಬ ಹಿರಿಯರು ಕೇಳಿದಾಗ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಮೇಲೆ ಅವನು ದಿನ ಬಿಟ್ಟು ದಿನ ಎಲೆ ಹೊತ್ತು ಬಂದಾಗಲೆಲ್ಲ ಆ ಕಂಡಕ್ಟರ್ ಡ್ರೈವರ್ ಸೀಟಿನ ಹಿಂದೆ ನೆರಳಿನ ಜಾಗ ಬಿಡಿಸಿಕೊಡುತ್ತಿದ್ದ. ಟಿಕೆಟ್ ಹರಿಯುವ ಮೊದಲು ಮಗಳು ಹೇಗಿದ್ದಾಳೆ ಎಂದು ಕೇಳುತ್ತಿದ್ದ. ಸಿದ್ದಮಲ್ಲಪ್ಪ ಮಾತು ಕಡಿಮೆಯ ಮನುಷ್ಯ. ಹಾಗಿದ್ದೂ ಆ ದಿನಗಳಲ್ಲಿ ಕೊಳ್ಳೇಗಾಲದಿಂದ ಮೈಸೂರಿನವರೆಗೆ ಮಗಳ ಬಗ್ಗೆಯೇ ಮಾತಾಡುತ್ತಿದ್ದನಂತೆ.

ದೊಡ್ಡತಾಯಮ್ಮ ಆಸ್ಪತ್ರೆಯಲ್ಲಿ ಕೈ ಕಟ್ಟಿಕೊಂಡು ಕೂರಲಿಲ್ಲ. ಕೈಯನ್ನು ಬೇರೆ ರೀತಿ ಪಳಗಿಸಿದಳು. ಟವೆಲ್ ಒಂದನ್ನು ಕೂಸಿನ ಆಕಾರಕ್ಕೆ ಸುತ್ತಿ, ಎಲೆಯ ಮೇಲೆ ಇಟ್ಟು, ಎಲೆಯ ಅಡಿಗೆ ಎರಡೂ ಅಂಗೈ ತೂರಿಸಿ, ಟವೆಲ್ ಅಲುಗದ ಹಾಗೆ ಎತ್ತುವುದನ್ನು ಕಲಿತಳು. ನರ್ಸು ನೋಡಿ ಸರಿ ಎಂದ ಮೇಲೆ ಕೂಸನ್ನೂ ಹಾಗೆ ಎತ್ತಲು ಬಿಟ್ಟರು. ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯನ್ನು ಉಜ್ಜದೆ, ಒತ್ತದೆ, ಗಾಯದ ಮೇಲೆ ಸುಮ್ಮನೆ ಇಟ್ಟು ತೆಗೆಯುವುದನ್ನೂ ಕಲಿತಳು. ಮೂವತ್ತು ವರ್ಷ ತಿಕ್ಕಿದ ಕೈಗೆ ಅದು ಸುಲಭವಾಗಿರಲಿಲ್ಲ. ಒಮ್ಮೊಮ್ಮೆ ಅರಿವಿಲ್ಲದೆ ಹೆಬ್ಬೆರಳು ಕೂಸಿನ ಮೂಗಿನ ಕಡೆಗೆ ಹೋಗುತ್ತಿತ್ತು. ತಾನೇ ಅದನ್ನು ಗದರಿಸಿಕೊಂಡು ಹಿಂದಕ್ಕೆ ಎಳೆಯುತ್ತಿದ್ದಳು. ಹರಳೆಣ್ಣೆಯ ಬಾಟ್ಲಿ ಚೀಲದಲ್ಲೇ ಉಳಿಯಿತು.

ಹೊಸ ಗುಳ್ಳೆ ಏಳುವುದು ನಿಂತಿತು. ಹಳೆಯವು ಒಣಗಿ, ಮೇಲಿನ ಪೊರೆ ಉದುರಿ, ಕೆಳಗಿನಿಂದ ಗುಲಾಬಿ ಬಣ್ಣದ ಹೊಸ ಚರ್ಮ ಕಂಡಿತು. ಮನೆಗೆ ಹೋಗಬಹುದು ಎಂದರು. ಆದರೆ ಎಣ್ಣೆ, ಸ್ನಾನ ಸದ್ಯಕ್ಕೆ ಬೇಡ, ಮತ್ತೊಮ್ಮೆ ಬಂದು ತೋರಿಸಿದ ಮೇಲೆಯೇ ಎಂದು ಡಾಕ್ಟರಮ್ಮ ದೊಡ್ಡತಾಯಮ್ಮನ ಮುಖ ನೋಡಿಯೇ ಹೇಳಿದಳು.

ಅವರು ಊರಿಗೆ ಬರುವ ಮೊದಲೇ ಊರಿನಲ್ಲಿ ಮಾತು ಹಬ್ಬಿತ್ತು. ಕೆಲವರು ಅಮ್ಮ ಎದ್ದಿದೆ, ಸಿಡುಬೇ ಇರಬೇಕು ಎಂದರು, ಕೆಲವರು ನಾಗರ ದೋಷ ಎಂದರು. ಆ ಕೂಸನ್ನು ಮುಟ್ಟಿದ ಕೈಯಿಂದ ಬೇರೆ ಕೂಸಿಗೆ ನೀರು ಎರೆಸಿದರೆ ಅದಕ್ಕೂ ಅಂಟದೇ ಇರುತ್ತದೆಯೇ ಎಂಬುದು ಮಾತ್ರ ಎಲ್ಲರ ಒಳಗಿನ ಭಯವಾಗಿತ್ತು. ಆಗ ಊರಿನಲ್ಲಿ ನಾಲ್ಕಾರು ಎಳೆಗೂಸುಗಳಿದ್ದವು. ನಮ್ಮ ಮನೆಯಲ್ಲೇ ನನ್ನ ತಮ್ಮ ಮಹದೇವಪ್ರಸಾದ ಹುಟ್ಟಿ ಎರಡು ತಿಂಗಳಾಗಿತ್ತು. ನಾನು ಏಳನೇ ತರಗತಿಯಲ್ಲಿದ್ದೆ. ದೊಡ್ಡತಾಯಮ್ಮ ಮೈಸೂರಿಗೆ ಹೋಗುವ ತನಕ ಅವಳೇ ಅವನಿಗೆ ನೀರು ಎರೆಯುತ್ತಿದ್ದಳು. ಅವಳು ವಾಪಸು ಬಂದ ಮಾರನೆಯ ದಿನ ನಮ್ಮ ಬಾಗಿಲಿಗೆ ಬಂದಾಗ ನನ್ನ ಅವ್ವ, ನೀನು ದಣಿದಿದ್ದೀಯ, ನಾನೇ ಎರೆದುಕೊಳ್ಳುತ್ತೇನೆ ಅಕ್ಕಯ್ಯ ಎಂದಳು. ಪಕ್ಕದ ಮನೆಯವರು ಆಗಲೇ ಎರೆದಾಯಿತು ಎಂದರು. ಮೂರನೆಯ ಮನೆಯ ಬಾಗಿಲು ತೆರೆಯಲಿಲ್ಲ. ಅವಳಿಗೆ ತಿಳಿಯಿತು. ತಿರುಗಿ ಮನೆಗೆ ಹೋದಳು.

ಆ ದಿನಗಳಲ್ಲಿ ಅವರ ಮನೆಯ ಮುದ್ದೆ ಬಹಳ ನುಣ್ಣಗಿರುತ್ತಿತ್ತು ಎಂದು ಪುಟ್ಟಬಸಮ್ಮ ಈಗಲೂ ಹೇಳಿ ನಗುತ್ತಾಳೆ. ಅತ್ತೆ ಬೆಳಗಿನ ಹೊತ್ತು ಕೈಗೆ ಕೆಲಸವಿಲ್ಲದೆ ರಾಗಿ ಹಿಟ್ಟನ್ನು ನಾದಿ ನಾದಿ ಅದಕ್ಕೂ ಒಂದು ಮೂಗು ತೆಗೆಯುವ ಹಾಗೆ ಮಾಡುತ್ತಿದ್ದಳಂತೆ. ಪುಟ್ಟಬಸಮ್ಮನಿಗೆ ಒಳಗೆ ಸಂಕಟವಿತ್ತು. ತನ್ನಿಂದಾಗಿ ಅತ್ತೆಯನ್ನು ಊರು ದೂರ ಮಾಡಿತಲ್ಲ ಎಂದು ಒಂದು ದಿನ ಬಾಯಿಬಿಟ್ಟು ಹೇಳಿಯೂ ಬಿಟ್ಟಳು. ಜನಕ್ಕೆ ತಿಳಿಯದೆ ಹೆದರಿದ್ದಾರೆ, ಅವರೆಲ್ಲರ ಮನೆಯಲ್ಲೂ ಕೂಸುಗಳಿವೆ, ಹೆದರುವುದು ತಪ್ಪಲ್ಲ ಎಂದಳಂತೆ ದೊಡ್ಡತಾಯಮ್ಮ. ಆದರೆ ತಿಳಿಸುವುದು ಹೇಗೆ ಎಂದು ಯೋಚನೆ ಮಾಡುತ್ತಿದ್ದೇನೆ ಎಂದೂ ಹೇಳಿದಳಂತೆ.

ಶಿವರಾತ್ರಿ ಕಳೆದ ಮೇಲೆ ಮತ್ತೆ ಮೈಸೂರಿಗೆ ಹೋಗಿ ತೋರಿಸಿದರು. ಕೂಸಿನ ಮೈಯನ್ನು ಡಾಕ್ಟರಮ್ಮ ಕಿಟಕಿಯ ಬೆಳಕಿನಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಒಂದು ಗುಳ್ಳೆಯೂ ಇರಲಿಲ್ಲ, ಕಲೆಯೂ ಇರಲಿಲ್ಲ. ಬುತ್ತಿ ಮುಗಿಯಿತು ಕಣಮ್ಮಾ, ಇನ್ನು ಧಾರಾಳವಾಗಿ ನೀರು ಹಾಕಿ ಎಂದು ಅವಳೇ ದೊಡ್ಡತಾಯಮ್ಮನ ಮಾತಿನಲ್ಲಿ ಹೇಳಿದಳು. ಜೋರಾಗಿ ಉಜ್ಜಬೇಡಿ, ಕಿವಿಗೆ ಮೂಗಿಗೆ ಎಣ್ಣೆ ಬಿಡಬೇಡಿ ಎಂದೂ ಸೇರಿಸಿದಳು. ದೊಡ್ಡತಾಯಮ್ಮ ಅದಕ್ಕೆಲ್ಲ ಒಪ್ಪಿದಳು.

ಮಾರನೆಯ ದಿನ ಬೆಳಿಗ್ಗೆ ನಾನು ಸ್ಕೂಲಿಗೆ ಹೊರಟಿದ್ದೆ. ಎದುರು ಮನೆಯ ಅಂಗಳದಲ್ಲಿ ಸಿದ್ದಮಲ್ಲಪ್ಪ ಮೂರು ಕಲ್ಲು ಹೂಡಿ, ಬಚ್ಚಲಿನ ತಾಮ್ರದ ಹಂಡೆಯನ್ನು ಹೊರಗೆ ತಂದು ನೀರು ಕಾಯಿಸುತ್ತಿದ್ದ. ಬಾಳೆಮಟ್ಟೆ ಒಣಗಿದ್ದು ಚಟಪಟ ಉರಿಯುತ್ತಿತ್ತು. ಬಾಣಂತನದ ಕೂಸಿಗೆ ಹೀಗೆ ಬಯಲಿನಲ್ಲಿ ನೀರು ಎರೆಯುವುದನ್ನು ಯಾರೂ ಕಂಡಿರಲಿಲ್ಲ. ಗಾಳಿ ತಾಗುತ್ತದೆ, ಕಣ್ಣು ತಾಗುತ್ತದೆ ಎಂದು ಬಾಗಿಲು ಹಾಕಿಕೊಂಡು ಎರೆಯುವುದು ವಾಡಿಕೆ. ದೊಡ್ಡತಾಯಮ್ಮ ಗಾಳಿ ಬರುವ ಕಡೆಗೆ ಒಂದು ಚಾಪೆಯನ್ನು ನಿಲ್ಲಿಸಿ, ಬೀದಿಯ ಕಡೆಗೆ ಮಾತ್ರ ಬಯಲು ಬಿಟ್ಟಿದ್ದಳು. ಹೊತ್ತು ಏರಿ ಅಂಗಳದಲ್ಲಿ ಬೆಚ್ಚನೆಯ ಬಿಸಿಲಿತ್ತು. ಅವಳು ಮಣೆ ಹಾಕಿ ಬೀದಿಗೆ ಎದುರಾಗಿ ಕೂತು, ಕಾಲು ನೀಡಿದಳು. ಪುಟ್ಟಬಸಮ್ಮ ಕೂಸನ್ನು ತಂದು, ಮೈಮೇಲಿನ ಬಟ್ಟೆಯನ್ನೆಲ್ಲ ತೆಗೆದು, ಅವಳ ಕಾಲ ಮೇಲೆ ಮಲಗಿಸಿದಳು.

ನಾನು ಸ್ಕೂಲಿಗೆ ಹೋಗಲಿಲ್ಲ. ನನ್ನ ಹಾಗೆಯೇ ಬೀದಿಯಲ್ಲಿದ್ದವರೆಲ್ಲ ನಿಂತರು. ನೀರಿಗೆ ಹೊರಟವರು ಕೊಡ ಇಳಿಸಿದರು. ಬಾಗಿಲುಗಳಲ್ಲಿ ಹೆಂಗಸರು ಕಾಣಿಸಿಕೊಂಡರು.

ದೊಡ್ಡತಾಯಮ್ಮ ಮೊದಲು ಒಂದು ಹನಿ ಎಣ್ಣೆಯನ್ನು ಕೂಸಿನ ತೋಳಿನ ಒಳಮೈಗೆ ಮುಟ್ಟಿಸಿ ನೋಡಿದಳು. ಏನೂ ಆಗಲಿಲ್ಲ. ಆಮೇಲೆ ಅಂಗೈಗೆ ಎಣ್ಣೆ ಸುರಿದುಕೊಂಡಳು. ಎದೆಯ ಮೇಲೆ ಕೈ ಇಟ್ಟಳು, ಭುಜದ ಕಡೆಗೆ ಮೆಲ್ಲಗೆ ಸವರಿದಳು. ಅವಳು ಮಾತಾಡುತ್ತಿರಲಿಲ್ಲ. ಕೂಸಿಗೆ ಎಣ್ಣೆ ಹಚ್ಚುವಾಗ ದೊಡ್ಡತಾಯಮ್ಮ ಬಾಯಿ ಮುಚ್ಚಿಕೊಂಡಿದ್ದನ್ನು ಆ ಊರು ಅದೇ ಮೊದಲು ನೋಡಿತು. ತುಟಿ ಬಿಗಿದು, ತನ್ನ ಬೆರಳನ್ನೇ ನೋಡುತ್ತಿದ್ದಳು. ತೋಳು ಆಯಿತು, ಹೊಟ್ಟೆ ಆಯಿತು. ಕೂಸನ್ನು ಬೋರಲು ಹಾಕಿ ಬೆನ್ನಿಗೆ ಕೈ ತಂದಳು. ಬೆನ್ನು ಬೆಣ್ಣೆ ಸವರಿದ ಹಾಗೆ ನುಣ್ಣಗೆ ಹೊಳೆಯಿತು. ಮೊದಲ ಚೊಂಬು ನೀರು ಬೀಳುತ್ತಿದ್ದ ಹಾಗೆ ಕೂಸು ಬೆಚ್ಚಿಬಿದ್ದು, ಕಾಲು ಝಾಡಿಸಿ, ಅಮ್ಮನ ಗಂಟಲಿನಲ್ಲಿ ಅಳುವುದಕ್ಕೆ ಶುರುಮಾಡಿತು. ದೊಡ್ಡತಾಯಮ್ಮನ ಮುಖ ಬಿಚ್ಚಿಕೊಂಡಿತು.

"ಅಳು ಮಗ್ಳೆ, ಅಳು. ನಿಮ್ಮವ್ವ ಅಂದಿ ಓಡ್ಸದವ್ಳು, ನೀನು ಇಷ್ಟಾದ್ರೂ ಅರಚ್ಬೇಕು. ಕೇಳ್ದ? ನೀನಿಲ್ದಾಗ ಊರಲ್ಲಿ ಏನೇನಾಯ್ತು ಗೊತ್ತಾ..." ಎಂದು ಮಾತು ಹರಿಯತೊಡಗಿತು. ಕೂಸು ಕಿವಿಗೊಟ್ಟು ಸುಮ್ಮನಾಯಿತು. ಪುಟ್ಟಬಸಮ್ಮ ಹಂಡೆಯ ಪಕ್ಕ ನಿಂತು ಅಳುತ್ತ ನಗುತ್ತ ಇದ್ದಳು. ಸಿದ್ದಮಲ್ಲಪ್ಪ ಒಲೆಗೆ ಬೇಕಿಲ್ಲದಿದ್ದರೂ ಮಟ್ಟೆ ತುಂಬುತ್ತಲೇ ಇದ್ದ.

ನೋಡುತ್ತಿದ್ದವರು ಒಂದೊಂದೇ ಹೆಜ್ಜೆ ಹತ್ತಿರ ಬಂದರು. ಯಾರೋ ಬಗ್ಗಿ ಕೂಸಿನ ಬೆನ್ನು ನೋಡಿದರು, ಇನ್ಯಾರೋ ಕಂಕುಳು ನೋಡಿದರು. ಎಲ್ಲಿ ಇತ್ತು ಎಂದು ಕೇಳಿದರು. ಇಲ್ಲಿ, ಇಲ್ಲಿ, ಇಲ್ಲಿ ಎಂದು ದೊಡ್ಡತಾಯಮ್ಮ ತೋರಿಸಿದಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬುತ್ತಿಯ ಮಾತಿನಲ್ಲಿ ವಿವರಿಸಿದಳು. ಬಿಸಿಲಲ್ಲಿ ನಿಂತ ಜನಕ್ಕೆ ಅದು ತಟ್ಟನೆ ಅರ್ಥವಾಯಿತು.

ನನ್ನ ಅವ್ವ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಹೆಗಲ ಮೇಲೆ ನನ್ನ ತಮ್ಮ ಇದ್ದ. ಬೀದಿ ದಾಟಿ, ಅಂಗಳಕ್ಕೆ ಹೋಗಿ, ಎಲ್ಲರ ಮುಂದೆ ನಿಂತಳು.

"ಅಕ್ಕಯ್ಯ, ಇವನ್ಗೂ ಎರಡು ಚೊಂಬು ಉಯ್ದುಬುಡು. ನನ್ ಕೈಲಿ ಇವ ನಿದ್ದೇನೆ ಮಾಡಕಿಲ್ಲ," ಎಂದಳು.

ದೊಡ್ಡತಾಯಮ್ಮ ಮೊಮ್ಮಗಳನ್ನು ಪಂಚೆಯಲ್ಲಿ ಸುತ್ತಿ ಪುಟ್ಟಬಸಮ್ಮನ ಕೈಗೆ ಕೊಟ್ಟು, ತಮ್ಮನನ್ನು ಕಾಲ ಮೇಲೆ ಹಾಕಿಕೊಂಡಳು. ಅವನ ತಲೆಯನ್ನು ಒಮ್ಮೆ ಸುತ್ತ ಸವರಿ ನೋಡಿ ನನ್ನ ಅವ್ವನ ಕಡೆ ತಿರುಗಿದಳು.

"ಇದೇನ್ ಮಾಡಿದ್ದೀಯೆ ಮಾದೇವಿ? ಒಂದ್ ಕಡೆ ಚಪ್ಪಟೆ ಆಗೋಗದೆ. ನಾಕು ದಿನ ಬುಟ್ಟಿದ್ದಕ್ಕೆ ತಲೇನೆ ಕೆಡ್ಸಿದ್ದೀಯ," ಎಂದಳು.

ಅಂಗಳವೆಲ್ಲ ನಕ್ಕಿತು. ನನ್ನ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಊರಿನ ಎಳೆಗೂಸುಗಳೆಲ್ಲ ನೀರು ಎರೆಸಿಕೊಂಡು ಮಲಗಿದ್ದವು. ಹಂಡೆಗೆ ಮತ್ತೆ ಮತ್ತೆ ನೀರು ತುಂಬಿ ಸಿದ್ದಮಲ್ಲಪ್ಪ ಸುಸ್ತಾಗಿ ಜಗಲಿಯ ಮೇಲೆ ಒರಗಿದ್ದ. ಅದೇ ಸಂಜೆ ತೊಟ್ಟಿಲು ಶಾಸ್ತ್ರ ಮಾಡಿದರು. ಹೆಸರನ್ನು ಪುಟ್ಟಬಸಮ್ಮ ಆಸ್ಪತ್ರೆಯಲ್ಲೇ ಆರಿಸಿಕೊಂಡಿದ್ದಳು. ಕೂಸಿನ ಮೈಯಿಡೀ ಗಾಯವಿದ್ದಾಗಲೇ ರೂಪ ಎಂದು ಕಿವಿಯಲ್ಲಿ ಕರೆಯುತ್ತಿದ್ದಳಂತೆ. ಆ ಸಂಜೆ ಊರಿನವರ ಎದುರಿಗೆ ಗಟ್ಟಿಯಾಗಿ ಕರೆದಳು.

ರೂಪ ಬೆಳೆದಳು. ಅವಳ ಮೈಮೇಲೆ ಗುಳ್ಳೆ ಮತ್ತೆ ಯಾವತ್ತೂ ಏಳಲಿಲ್ಲ. ಬಾಳೆ ಎಲೆಯ ಮೇಲೆ ಮಲಗಿದ್ದ ಕಥೆಯನ್ನು ಹೇಳಿದರೆ ಅವಳು ನಂಬುತ್ತಲೇ ಇರಲಿಲ್ಲ, ಅಜ್ಜಿ ಕಟ್ಟಿ ಹೇಳುತ್ತಾಳೆ ಎನ್ನುತ್ತಿದ್ದಳು. ಸೀಬೆಮರದಿಂದ ಬಿದ್ದು ಮೊಣಕಾಲಿಗೆ ಆದ ಗಾಯವೊಂದೇ ಅವಳ ಮೈಮೇಲಿನ ಕಲೆ. ಪುಟ್ಟಬಸಮ್ಮನಿಗೆ ಆಗಾಗ ಬಾಯಿ ಹುಣ್ಣು ಬರುತ್ತಿತ್ತು, ಹೋಗುತ್ತಿತ್ತು. ಮಾತ್ರೆ ವರ್ಷದಿಂದ ವರ್ಷಕ್ಕೆ ಇಳಿಯಿತು. ತೊಂಬತ್ಮೂರರಲ್ಲಿ ಮೋಹನ್ ಹುಟ್ಟಿದ. ಆ ಸಲ ದೊಡ್ಡತಾಯಮ್ಮ ಕೂಸನ್ನು ಹಾಸಿಗೆಯ ಮೇಲಿಟ್ಟು, ಕನ್ನಡಕ ಹಾಕಿಕೊಂಡು, ಬೆರಳ ಸಂದಿ ಸಮೇತ ತಪಾಸಣೆ ಮಾಡಿದಳು. ಒಂದು ಸೊಳ್ಳೆ ಕಡಿದ ಗುರುತು ಮಾತ್ರ ಸಿಕ್ಕಿತು. ಅದಕ್ಕೂ ನರ್ಸನ್ನು ಕರೆದು ತೋರಿಸಿದಳು. ಇನ್ನೂ ಕೆಲವು ವರ್ಷ ಕಳೆದ ಮೇಲೆ ಮಾತ್ರೆ ನಿಲ್ಲಿಸಿದರು. ಪುಟ್ಟಬಸಮ್ಮ ಈಗ ಹಸಿಮೆಣಸಿನಕಾಯಿ ಕಚ್ಚಿಕೊಂಡು ಮುದ್ದೆ ನುಂಗುತ್ತಾಳೆ.

ಇಷ್ಟರಲ್ಲಿ ದೊಡ್ಡತಾಯಮ್ಮನಿಗೆ ತನಗೇ ಬೇಡವಾಗಿದ್ದ ಒಂದು ಹೆಸರು ಬಂದಿತ್ತು. ಗುಳ್ಳೆ ಕಾಯಿಲೆಯನ್ನು ವಾಸಿ ಮಾಡುವವಳು ಎಂದು ಹನೂರಿನ ಆಚೆಯ ಹಳ್ಳಿಗಳವರೆಗೂ ಸುದ್ದಿ ಹೋಗಿತ್ತು. ಯಾರಾದರೂ ಹಾಗೆಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ತಾನು ವಾಸಿ ಮಾಡಲಿಲ್ಲ, ಅದಾಗಿಯೇ ವಾಸಿಯಾಯಿತು, ತಾನು ಕೆಡಿಸದೆ ಇದ್ದೆ ಅಷ್ಟೇ ಎನ್ನುತ್ತಿದ್ದಳು. ಎರಡು ಸಾವಿರದ ಮೂರರಲ್ಲಿ ಮಾರ್ಟಳ್ಳಿಯಿಂದ ಪುಟ್ಟಬಸಮ್ಮನ ತವರಿನ ಪರಿಚಯದವರ ಮೂಲಕ ಕರೆ ಬಂತು. ಅಲ್ಲಿ ಒಂದು ಮನೆಯಲ್ಲಿ ಹತ್ತು ದಿನದ ಕೂಸಿಗೆ ಮೈಮೇಲೆ ನೀರ್ಗುಳ್ಳೆ ಎದ್ದಿತ್ತು. ದೊಡ್ಡತಾಯಮ್ಮನಿಗೆ ಆಗಲೇ ಎಪ್ಪತ್ತರ ಹತ್ತಿರ, ಮಂಡಿ ನೋವು. ಆದರೂ ರೂಪಳನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದಳು. ನಾನು ಆಗ ತವರಿಗೆ ಬಂದಿದ್ದೆ, ನಾನೂ ಹೊರಟೆ.

ಆ ಮನೆಯಲ್ಲಿ ಕೂಸಿನ ಅಜ್ಜಿ ತಮಿಳಿನವಳು. ನಮ್ಮನ್ನು ಕಂಡು ಕೈ ಮುಗಿದು, "ಕೊಳಂದೆಯ ಪಾರುಂಗಮ್ಮಾ," ಕೂಸನ್ನು ನೋಡಿ ಎಂದು ಬೇಡಿಕೊಂಡಳು. ದೊಡ್ಡತಾಯಮ್ಮ ಕೂಸನ್ನು ಬೆಳಕಿಗೆ ಹಿಡಿಸಿ ನೋಡಿದಳು. ಮುಟ್ಟಲಿಲ್ಲ. ಬಾಣಂತಿಗೆ ಬಾಯಲ್ಲಿ ಹುಣ್ಣು, ಮೈಮೇಲೆ ಗುಳ್ಳೆ ಯಾವತ್ತಾದರೂ ಇತ್ತೇ ಎಂದು ಕೇಳಿದಳು. ಇರಲಿಲ್ಲ. ಹುಟ್ಟುವಾಗ ಕೂಸಿನ ಮೈ ಹೇಗಿತ್ತು ಎಂದು ಕೇಳಿದಳು. ಚೆನ್ನಾಗಿತ್ತು, ಮೊನ್ನೆ ಎದ್ದವು ಎಂದರು.

"ಇದು ನಂಗೆ ಗೊತ್ತಿರದಲ್ಲ. ನಂಗೆ ಗೊತ್ತಿರದು ಒಂದೇ ಕೂಸಿನ ಚರ್ಮ, ಅದು ಇಲ್ ಕುಂತದೆ ನೋಡಿ," ಎಂದು ರೂಪಳನ್ನು ತೋರಿಸಿದಳು. "ಏಳಿ, ಬಸ್ಸಿಗೆ ಓಗವ. ಕೊಳ್ಳೇಗಾಲದಲ್ಲಿ ಮಕ್ಕಳ ಡಾಕ್ಟ್ರವ್ರೆ."

ಮನೆಯವರು ಅನುಮಾನಿಸಿದರು. ಇಷ್ಟು ದೂರದಿಂದ ಬಂದವಳು ಏನೂ ಮಾಡದೆ ಡಾಕ್ಟರ ಬಳಿಗೆ ಕಳಿಸುತ್ತಾಳಲ್ಲ ಎಂದು ಅವರಿಗೆ ನಿರಾಶೆಯಾಗಿತ್ತು. ರೂಪ ತನ್ನ ಎರಡೂ ತೋಳು ಚಾಚಿ ಬಾಣಂತಿಯ ಪಕ್ಕ ಕೂತು, ನಾನು ಹುಟ್ಟಿದಾಗ ಮೈಯೆಲ್ಲ ಹೀಗೇ ಇತ್ತಂತೆ, ಡಾಕ್ಟರ ಹತ್ತಿರ ಇದ್ದದ್ದಕ್ಕೇ ಸರಿಹೋಯಿತು ಎಂದಳು. ಅಲ್ಲಿಯವರೆಗೂ ತಾನೇ ನಂಬದಿದ್ದ ಕಥೆಯನ್ನು ಅವಳು ಅಷ್ಟು ಗಟ್ಟಿಯಾಗಿ ಹೇಳಿದ್ದು ನೋಡಿ ನನಗೆ ನಗು ಬಂತು. ಬಾಣಂತಿ ಅವಳ ತೋಳನ್ನು ಮುಟ್ಟಿ ನೋಡಿದಳು. ಎಲ್ಲರೂ ಹೊರಟೆವು.

ಡಾಕ್ಟರು ನೋಡಿ, ಇದು ಬೇರೆಯೇ, ಚರ್ಮಕ್ಕೆ ಕ್ರಿಮಿ ತಾಗಿ ಆದದ್ದು, ಬೇಗ ತಂದದ್ದು ಒಳ್ಳೆಯದಾಯಿತು ಎಂದರು. ಚುಚ್ಚುಮದ್ದು ಕೊಟ್ಟು, ಅಲ್ಲೇ ಇರಿಸಿಕೊಂಡರು. ಮೂರನೆಯ ದಿನ ನಾವು ನೋಡಲು ಹೋದಾಗ ಗುಳ್ಳೆಗಳು ಒಣಗಿ ಕೂಸು ಕಣ್ಣು ಬಿಟ್ಟು ಫ್ಯಾನು ನೋಡುತ್ತಿತ್ತು. ಮನೆಗೆ ಕರೆದುಕೊಂಡು ಹೋಗಬಹುದು ಎಂದಿದ್ದರು.

ಆ ಖುಷಿಗೆ ಮಾರ್ಟಳ್ಳಿಯ ಅಜ್ಜಿ ನಮ್ಮೆಲ್ಲರನ್ನೂ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದಳು. ಬೇಡ ಎಂದರೂ ದೊಡ್ಡತಾಯಮ್ಮನಿಗೆ ಎರಡನೆಯದು ಬಂತು. ಕೂಸನ್ನು ಬೆಂಚಿನ ಮೇಲೆ ಮಡಿಸಿದ ಶಾಲಿನಲ್ಲಿ ಮಲಗಿಸಿ, ಇಬ್ಬರು ಮುದುಕಿಯರೂ ಆ ಕಡೆ ಈ ಕಡೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಕೂಸಿಗೆ ಬಟ್ಟೆ ಸುತ್ತುವಾಗ ಕೈ ಒಳಗಿರಬೇಕೋ ಹೊರಗಿರಬೇಕೋ ಎಂದು ಒಬ್ಬಳು ತಮಿಳಿನಲ್ಲಿ, ಒಬ್ಬಳು ಕನ್ನಡದಲ್ಲಿ ಜಗಳ ತೆಗೆದರು. ಮಾರ್ಟಳ್ಳಿಯ ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿತ್ತು. ರೂಪ ಇಬ್ಬರ ಮಾತಿಗೂ ತಲೆಯಾಡಿಸುತ್ತ, ಅಜ್ಜಿಯ ತಟ್ಟೆಯಲ್ಲಿ ಉಳಿದಿದ್ದ ದೋಸೆಯ ಗರಿಗರಿ ಅಂಚನ್ನು ಮುರಿದು ತಿನ್ನುತ್ತಿದ್ದಳು.